ಜಾತ್ರೆಯ ತೊಟ್ಟಿಲು ಹಿಂದಕ್ಕೆ ತಿರುಗಿದಾಗ: ಸಂಗಾತಿಯನ್ನು ತಿದ್ದಹೊರಡುವ ಕಾಲಯಾನದ ನಗೆನಾಟಕವನ್ನು ಬರೆಯುವ ಬಗೆ

ಕಾಲದಲ್ಲಿ ಹಿಂದಕ್ಕೆ ಹೋಗಿ ತನ್ನ ಸಂಗಾತಿಯ ಒಂದೊಂದೇ ಕುಂದನ್ನು ತಿದ್ದಿ ಬರುವ ಪ್ರೇಮಿಯ ಕಥೆಯನ್ನು ನಗೆನಾಟಕವಾಗಿ ಬರೆಯಹೊರಟವರು ಸಾಮಾನ್ಯವಾಗಿ ಯಂತ್ರದಿಂದ ಆರಂಭಿಸುತ್ತಾರೆ. ಯಂತ್ರ ಹೇಗಿರಬೇಕು, ಎಷ್ಟು ವರ್ಷ ಹಿಂದಕ್ಕೆ ಒಯ್ಯಬೇಕು, ಯಾವ ಗುಂಡಿ ಒತ್ತಬೇಕು ಎಂಬುದರಲ್ಲೇ ಮೊದಲ ಹತ್ತು ಪುಟ ಕಳೆದುಹೋಗುತ್ತದೆ. ಪ್ರೇಮಿಗಳಿಬ್ಬರು ಎಂಥವರು ಎಂಬುದು ಮಾತ್ರ ಅಷ್ಟರಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮೊದಲು ಕುಂದನ್ನು ಬರೆಯಿರಿ. ಯಂತ್ರವನ್ನು ಆಮೇಲೆ ಹುಡುಕಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಯುವಕ ಮಂಡಳಗಳನ್ನೂ ಕಾಲೇಜು ತಂಡಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಏಳೆಂಟು ಮಂದಿ ಆಡಬಹುದಾದ ಒಂದೂವರೆ ಗಂಟೆಯ ನಾಟಕವನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಕುಂದು ಮತ್ತು ಅದರ ಬೇರು

ಪ್ರೇಮಿಯು ತಿದ್ದಬೇಕೆಂದುಕೊಳ್ಳುವ ಗುಣವೂ ತನ್ನಲ್ಲಿ ಪ್ರೀತಿ ಹುಟ್ಟಿಸಿದ ಗುಣವೂ ಒಂದೇ ಬೇರಿನಿಂದ ಬಂದಿರಬೇಕು. ಈ ಬಗೆಯ ನಾಟಕದ ಜೀವ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಉದಾಹರಣೆಗೆ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ವೀಣಾ ಶಿರಸಿ ಪೇಟೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುವವಳು. ಮಂಜುನಾಥ ಸಿದ್ದಾಪುರದ ಕಡೆಯ ಅಡಿಕೆ ತೋಟದವನು. ಬಿಡುವಾದಾಗ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಹಾಡಿದ ಪದ್ಯಕ್ಕೆ ಅರ್ಥ ಹೇಳುತ್ತಾನೆ. ಅವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮನೆಯಿಂದ ಹೊರಟವನು ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ಒಬ್ಬರ ತೋಟಕ್ಕೆ ಕೊಳೆರೋಗ ಬಂತೇ ಎಂದು ಕೇಳಿ, ಇನ್ನೊಬ್ಬರ ದನ ಕರು ಹಾಕಿತೇ ಎಂದು ವಿಚಾರಿಸಿ, ಮತ್ತೊಬ್ಬರಿಗೆ ಅಡಿಕೆ ಕೊನೆ ಕೊಯ್ಯುವ ಆಳು ಗೊತ್ತುಮಾಡಿಕೊಟ್ಟು ಪೇಟೆ ಮುಟ್ಟುವ ವೇಳೆಗೆ ವೀಣಾ ಕಾದು ಬೇಸತ್ತು ಬಸ್ಸು ಹತ್ತಿರುತ್ತಾಳೆ.

ವೀಣಾ ಹಿಂದಕ್ಕೆ ಹೋಗಿ ಇದನ್ನು ತಿದ್ದುತ್ತಾಳೆ. ತಿರುಗಿ ಬಂದಾಗ ಮಂಜುನಾಥ ಐದು ನಿಮಿಷ ಮೊದಲೇ ಬಂದು ನಿಂತಿದ್ದಾನೆ. ಎರಡು ದೃಶ್ಯಗಳ ಮಟ್ಟಿಗೆ ಇದು ಸುಖ, ಪ್ರೇಕ್ಷಕರಿಗೆ ನಗು. ಆ ಸಲದ ಶಿರಸಿ ಜಾತ್ರೆಯ ನಾಲ್ಕನೆಯ ರಾತ್ರಿ ವೀಣಾಳ ಅಪ್ಪಯ್ಯನಿಗೆ ಎದೆನೋವು ಕಾಣಿಸುತ್ತದೆ. ಊರಿಗೆ ಊರೇ ಜಾತ್ರೆಗೆ ಹೋಗಿದೆ, ಅಂಗಳಗಳಲ್ಲಿ ಒಂದು ವಾಹನವಿಲ್ಲ. ಯಾರ ಮನೆಯಲ್ಲಿ ಸೂತಕವಿದ್ದುದರಿಂದ ಅವರು ಜಾತ್ರೆಗೆ ಹೋಗಿಲ್ಲ, ಯಾರ ಜೀಪು ರಿಪೇರಿಯಾಗಿ ನಿನ್ನೆಯಷ್ಟೇ ಬಂದಿದೆ ಎಂಬುದೆಲ್ಲ ಹಳೆಯ ಮಂಜುನಾಥನಿಗೆ ಬಾಯಿಪಾಠ. ಹೊತ್ತಿಗೆ ಸರಿಯಾಗಿ ಬರುವ ಮಂಜುನಾಥನಿಗೆ ನೆರೆಮನೆಯವರ ಹೆಸರಿನ ಆಚೆ ಏನೂ ಗೊತ್ತಿಲ್ಲ. ತಾನು ಕಿತ್ತದ್ದು ಏನನ್ನು ಎಂಬುದು ವೀಣಾಳಿಗೆ ಆ ಅಂಗಳದಲ್ಲಿ ಅರಿವಾಗಬೇಕು. ಅದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇಂತಹ ಕುಂದುಗಳು ಎರಡು ಅಥವಾ ಮೂರು ಸಾಕು. ಗೊರಕೆ, ಗಡ್ಡ, ಅಂಗಿಯ ಬಣ್ಣ ಇವುಗಳಿಗೆ ಬೇರಿಲ್ಲ. ಒಮ್ಮೆ ನಗಿಸಿ ಮುಗಿದುಹೋಗುತ್ತವೆ. ಕುಡಿದು ಹೊಡೆಯುವುದು, ಸಂಶಯಪಟ್ಟು ಹಿಂಸಿಸುವುದು ಇವನ್ನಂತೂ ಈ ನಾಟಕದೊಳಗೆ ತರಲೇಬಾರದು. ಹೊಡೆಯುವವನನ್ನು ತಾಳ್ಮೆಯಿಂದ ತಿದ್ದಿ ತೆಗೆಯಬಹುದೆಂಬ ಭರವಸೆಯನ್ನು ನಗುವಿನೊಡನೆ ಹಂಚುವುದು ನೋಡಲು ಬಂದ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ನಮ್ಮ ಸೀಮೆಯಲ್ಲಿ ಈ ವಸ್ತುವಿಗೆ ಇನ್ನೊಂದು ಮಗ್ಗುಲಿದೆ. ಓದಿದ ಹುಡುಗಿಯರು ಬೆಂಗಳೂರಿನ ಕಡೆ ಹೋಗಿ, ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವುದು ಘಟ್ಟದ ಮೇಲಿನ ಯಾವ ಮನೆಯಲ್ಲೂ ಗುಟ್ಟಲ್ಲ. ಆದ್ದರಿಂದ ಮಂಜುನಾಥನನ್ನು ತಿದ್ದುವ ಪಟ್ಟಿ ವೀಣಾಳೊಬ್ಬಳದೇ ಆಗಿರಬೇಕಾಗಿಲ್ಲ. ಅವನ ಆಯಿ (ತಾಯಿ), ಅತ್ತಿಗೆ, ದೊಡ್ಡಪ್ಪ ಎಲ್ಲರ ಕೈಯಲ್ಲೂ ಒಂದೊಂದು ಪಟ್ಟಿಯಿರಲಿ. ಅವು ಒಂದಕ್ಕೊಂದು ತಾಳೆಯಾಗದಿರಲಿ. ಮದುವೆಯಾಗದ ಹುಡುಗನನ್ನು ಮಾತ್ರ ಹಾಸ್ಯದ ಗುರಿಯಾಗಿಸಬೇಡಿ. ಪ್ರೇಕ್ಷಕರ ಮೂರನೆಯ ಸಾಲಿನಲ್ಲಿ ಅವನೇ ಕೂತಿರುತ್ತಾನೆ, ಪಕ್ಕದಲ್ಲಿ ಅವನ ಆಯಿಯೂ ಇರುತ್ತಾಳೆ.

ತೊಟ್ಟಿಲ ನಿಯಮಗಳು

ಇನ್ನು ಯಂತ್ರದ ವಿಷಯ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ: 2018, 2020, 2022, 2024. ಒಂಬತ್ತು ದಿನಗಳ ಜಾತ್ರೆಯಲ್ಲಿ ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಪೇಟೆಯ ತುಂಬ ಅಂಗಡಿಗಳು, ನಾಟಕ ಕಂಪನಿಗಳ ಡೇರೆಗಳು, ಆಕಾಶಕ್ಕೇರುವ ದೊಡ್ಡ ತೊಟ್ಟಿಲು. ಕಾಲಯಾನಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಬೇಕಿಲ್ಲ. ತೊಟ್ಟಿಲು ಒಂದು ಸುತ್ತು ಹಿಂದಕ್ಕೆ ತಿರುಗಿದರೆ ಹಿಂದಿನ ಜಾತ್ರೆ, ಮೂರು ಸುತ್ತು ತಿರುಗಿದರೆ 2024ರಿಂದ 2018ಕ್ಕೆ. ನಡುವಿನ ವರ್ಷಗಳಿಗೆ ಹೋಗುವಂತಿಲ್ಲ, ಜಾತ್ರೆ ಮುಗಿದ ಮೇಲೆ ಎಲ್ಲಿಗೂ ಹೋಗುವಂತಿಲ್ಲ. ಒಂಬತ್ತು ದಿನಗಳ ಗಡುವು ನಾಟಕಕ್ಕೆ ತಾನಾಗಿಯೇ ದೊರೆತಂತಾಯಿತು.

ತೊಟ್ಟಿಲು ಹೀಗೇಕೆ ತಿರುಗುತ್ತದೆ ಎಂಬುದನ್ನು ವಿವರಿಸಬೇಡಿ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳಿಗೆ ಗಣಿತಜ್ಞ ಕುರ್ಟ್ ಗೋಡೆಲ್ 1949ರಲ್ಲಿ ಕಂಡುಕೊಂಡ ಒಂದು ಪರಿಹಾರದಲ್ಲಿ, ತನ್ನ ಭೂತಕಾಲಕ್ಕೇ ಮರಳಿ ಸೇರುವ ದಾರಿಗಳಿಗೆ ಗಣಿತದ ಮಟ್ಟಿಗೆ ಎಡೆಯಿದೆ. ಇದು ನಿಮಗೆ ತಿಳಿದಿದ್ದರೆ ಒಳ್ಳೆಯದು. ತೊಟ್ಟಿಲು ತಿರುಗಿಸುವವನ ಬಾಯಲ್ಲಿ ಬರಬೇಕಾಗಿಲ್ಲ. ಪ್ರೇಕ್ಷಕರು ಕೇಳುವುದು ಭೌತಶಾಸ್ತ್ರವನ್ನಲ್ಲ, ಹೇಳಿದ ನಿಯಮ ಕೊನೆಯವರೆಗೂ ನಡೆಯಬೇಕೆಂಬುದನ್ನು.

ನಿರ್ಧರಿಸಲೇಬೇಕಾದ ಪ್ರಶ್ನೆ ಒಂದಿದೆ: ಹಿಂದಕ್ಕೆ ಹೋದ ವೀಣಾ ಅಲ್ಲಿ ತನ್ನನ್ನೇ ಭೇಟಿಯಾಗುತ್ತಾಳೆಯೇ? ಮನಸ್ಸು ಮಾತ್ರ ಹಿಂದಕ್ಕೆ ಹೋಗಿ ಹಳೆಯ ದೇಹದಲ್ಲಿ ಎಚ್ಚರಗೊಳ್ಳುತ್ತದೆ ಎಂದರೆ ತೊಡಕಿಲ್ಲ, ಆದರೆ ಕೈಯಲ್ಲಿ ಏನನ್ನೂ ಒಯ್ಯುವಂತಿಲ್ಲ. ದೇಹವೂ ಹೋಗುತ್ತದೆ ಎಂದರೆ ಒಂದೇ ಊರಿನಲ್ಲಿ ಇಬ್ಬರು ವೀಣಾ ಆಗುತ್ತಾರೆ. ನನ್ನ ಸಲಹೆ ಎರಡನೆಯದು, ಈ ಒಂದು ಏರ್ಪಾಡಿನೊಡನೆ: 2024ರ ವೀಣಾ ಕೆಳಗಿಳಿಯುವ ಕ್ಷಣದಲ್ಲೇ 2018ರ ಜಾತ್ರೆಯಲ್ಲಿ ಕರೆಂಟು ಹೋಗುತ್ತದೆ, ಆ ಕಾಲದ ವೀಣಾ ತೊಟ್ಟಿಲ ತುದಿಯಲ್ಲಿ ಸಿಕ್ಕಿಕೊಂಡಿರುತ್ತಾಳೆ. ಕರೆಂಟು ಬರುವವರೆಗೆ ಮಾತ್ರ ಇವಳಿಗೆ ಅವಕಾಶ. ಮೇಲಿನಿಂದ ಆಗಾಗ "ಕೆಳಗೆ ಇಳಿಸ್ರೋ" ಎಂಬ ಕೂಗು ಕೇಳಿಸುತ್ತಿದ್ದರೆ ಸಾಕು, ಎರಡನೆಯ ನಟಿಯ ಅಗತ್ಯವೇ ಬೀಳದು. ಧ್ವನಿಯನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಬಹುದು. ಬೀದಿದೀಪ ಮಿಣುಕಿದಾಗಲೆಲ್ಲ ಪ್ರೇಕ್ಷಕರ ಎದೆ ಹೊಡೆದುಕೊಳ್ಳುತ್ತದೆ.

ದೇಹ ಹೋದರೆ ಪರ್ಸೂ ಹೋಗುತ್ತದೆ. ಇಲ್ಲಿಂದಲೇ ಒಳ್ಳೆಯ ದೃಶ್ಯವೊಂದು ಹುಟ್ಟುತ್ತದೆ. ವೀಣಾ 2018ರ ಮಾರ್ಚಿನ ಜಾತ್ರೆಯಲ್ಲಿ ಬೆಂಡು-ಬತ್ತಾಸಿನ ಅಂಗಡಿಯ ಮುಂದೆ ನಿಂತು ನೂರರ ನೋಟು ಕೊಡುತ್ತಾಳೆ. ಅದು ತಿಳಿನೇರಳೆ ಬಣ್ಣದ್ದು, ಹಿಂಬದಿಯಲ್ಲಿ ಗುಜರಾತಿನ ಪಾಟಣದ ರಾಣಿ ಕೀ ವಾವ್ ಎಂಬ ಮೆಟ್ಟಿಲುಬಾವಿಯ ಚಿತ್ರ ಇರುವಂಥದ್ದು. ಆ ನೋಟನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದು 2018ರ ಜುಲೈಯಲ್ಲಿ. ಅಂಗಡಿಯವನು ನೋಟನ್ನು ಪೆಟ್ರೋಮ್ಯಾಕ್ಸ್ ಬೆಳಕಿಗೆ ಹಿಡಿದು, ತಿರುವಿ, ಉಗುರಿನಿಂದ ಕೆರೆದು, "ಇದೆಂಥಾ ನೋಟು ಅಕ್ಕಾ, ಮಕ್ಳು ಆಡೋದಾ?" ಎನ್ನುತ್ತಾನೆ. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹುಡುಗನೊಬ್ಬ ತನ್ನ ಹಳೆಯ ನೀಲಿ ನೂರನ್ನು ಕೊಟ್ಟು ಅವಳ ಮಾನ ಉಳಿಸಿ, ಆ ವಿಚಿತ್ರ ನೋಟನ್ನು ಕುತೂಹಲಕ್ಕೆಂದು ತಾನಿಟ್ಟುಕೊಳ್ಳುತ್ತಾನೆ. ಅವನೇ ಮಂಜುನಾಥ. ಈ ನೋಟನ್ನು ಮರೆಯಬೇಡಿ. ನಾಟಕದ ಕೊನೆಗೆ ಇದು ಬೇಕು. ನಮ್ಮ ನೋಟುಗಳ ಹಿಂಬದಿಯಲ್ಲಿ ಮುದ್ರಣದ ವರ್ಷ ಇರುತ್ತದೆ.

ಯಾವ ಜಾತ್ರೆಯಲ್ಲಿದ್ದೇವೆಂದು ತೋರಿಸಲು ಫಲಕ ಹಿಡಿದು ಓಡಾಡಬೇಕಾಗಿಲ್ಲ. 2018ರಲ್ಲಿ ಎರಡು ಸಾವಿರದ ನೋಟಿಗೆ ಚಿಲ್ಲರೆಯಿಲ್ಲವೆಂದು ಜಗಳವಾಡುವ ಅಂಗಡಿಯವನು 2024ರಲ್ಲಿ ಕ್ಯೂಆರ್ ಕೋಡಿನ ಹಲಗೆಯನ್ನು ಮುಂದಕ್ಕೆ ತಳ್ಳಿದರೆ ಕಾಲ ಬದಲಾದದ್ದು ಹಿಂದಿನ ಸಾಲಿನವರಿಗೂ ತಿಳಿಯುತ್ತದೆ.

2020ರ ಜಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದು ಮಾರ್ಚಿನ ಮೊದಲ ಭಾಗದಲ್ಲಿ ನಡೆಯಿತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ವೀಣಾ ಆ ಜನಜಂಗುಳಿಗೆ ಇಳಿದು ಪ್ರಿಯಕರನ ಮಾತಿನ ರೀತಿಯನ್ನಷ್ಟೇ ತಿದ್ದಿ ತಿರುಗಿ ಬಂದರೆ, ಇವಳಿಗೆ ಬೇರೇನೂ ನೆನಪಾಗಲಿಲ್ಲವೇ ಎಂದು ಪ್ರೇಕ್ಷಕರು ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. ಒಂದೋ ಆ ಜಾತ್ರೆಗೆ ಹೋಗಲೇಬೇಡಿ; ಇಲ್ಲವಾದರೆ ಅವಳು ಮೂವರಿಗೆ ಹೇಳಲು ಪ್ರಯತ್ನಿಸಿ, ಯಾರೂ ನಂಬದೆ, ಕಡೆಗೆ ತನ್ನ ಅಜ್ಜಿಯ ಕೈಹಿಡಿದು ಮನೆಗೆ ಕರೆದೊಯ್ಯುವ ದೃಶ್ಯವನ್ನು ಪೂರ್ತಿ ಗಂಭೀರವಾಗಿ ಬರೆಯಿರಿ. ನಗೆನಾಟಕದೊಳಗೆ ಆರೇಳು ನಿಮಿಷದ ಗಾಂಭೀರ್ಯ ನಗುವನ್ನು ಕೆಡಿಸುವುದಿಲ್ಲ.

ಕಾರವಾರದ ತಂಡಗಳಿಗೆ ಜಾತ್ರೆಯ ತೊಟ್ಟಿಲು ದೂರವೆನಿಸಿದರೆ ಅಲ್ಲಿಯದೇ ಗುರುತುಗಳಿವೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಬಂದರಿನಲ್ಲಿ ಸಾಲಾಗಿ ನಿಂತ ದೋಣಿಗಳೇ ತಿಂಗಳನ್ನು ಹೇಳುತ್ತವೆ. ಕಾಳಿ ನದಿಯ ಹಳೆಯ ಸೇತುವೆ ಇದ್ದರೆ ಒಂದು ಕಾಲ, ಅದು ಕುಸಿದ 2024ರ ಆಗಸ್ಟ್ 7ರ ನಂತರ ಇನ್ನೊಂದು ಕಾಲ. ಆ ರಾತ್ರಿ ಲಾರಿಯೊಂದು ನದಿಗೆ ಬಿದ್ದು ಅದರ ಚಾಲಕನನ್ನು ರಕ್ಷಿಸಿದ್ದು ಎಲ್ಲರಿಗೂ ನೆನಪಿದೆ; ಆದ್ದರಿಂದ ಸೇತುವೆಯನ್ನು ಕಾಲದ ಗುರುತಾಗಿ ಬಳಸಿ, ನಗೆಯ ಸಾಮಗ್ರಿಯಾಗಿ ಬೇಡ. ಮಾತು ಕೊಂಕಣಿ ಬೆರೆತ ಕನ್ನಡವಾಗಿರಲಿ.

ಒಂದೇ ಪದ್ಯ, ಬೇರೆ ಅರ್ಥ

ಕಾಲಯಾನದ ನಗೆನಾಟಕದಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ, ಬರೆಯುವವರು ಸೋಲುವುದೂ ಇಲ್ಲಿಯೇ. ನಮ್ಮ ಕಡೆಯವರಿಗೆ ಇದರ ವಿದ್ಯೆ ತಾಳಮದ್ದಳೆಯಿಂದಲೇ ಬಂದಿದೆ. ಪ್ರಸಂಗ ಅದೇ, ಭಾಗವತರು ಹಾಡುವ ಪದ್ಯವೂ ಅದೇ. ಎದುರು ಕೂತ ಅರ್ಥಧಾರಿ ಇಂದು ಏನು ಹೇಳುತ್ತಾನೋ ಅದರ ಮೇಲೆ ಇವನ ಉತ್ತರ ಬದಲಾಗುತ್ತದೆ. ಕೇಳುವವರು ರಾತ್ರಿಯಿಡೀ ಕೂರುವುದು ಕಥೆ ಏನಾಗುತ್ತದೆಂದು ತಿಳಿಯಲಿಕ್ಕಲ್ಲ, ಗೊತ್ತಿರುವ ಕಥೆಯೊಳಗೆ ಈ ಮಾತು ಎಲ್ಲಿಗೆ ತಿರುಗುತ್ತದೆ ಎಂದು ನೋಡಲಿಕ್ಕೆ. ಹಾಗೆಯೇ ನಿಮ್ಮ ದೃಶ್ಯದಲ್ಲೂ ಬದಲಾಗದ ಪದ್ಯ ಯಾವುದು, ಬದಲಾಗುವ ಅರ್ಥ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಹೆಣ್ಣು ನೋಡುವ ದೃಶ್ಯವನ್ನು ತೆಗೆದುಕೊಳ್ಳೋಣ. ಅದು ನಡೆಯುವುದೂ ಜಾತ್ರೆಯ ದಿನವೇ, ವೀಣಾಳ ಮನೆಯಲ್ಲಿ. ಮಂಜುನಾಥ ಬಂದು ಕೂರುತ್ತಾನೆ, ವೀಣಾಳ ಆಯಿ ಬಾಗಿಲಿಗೆ ಬಂದು, "ಆಸ್ರಿಗೆ ಎಂತ ಮಾಡ್ಲಿ ತಮಾ? ಚಾ ಅಡ್ಡಿಲ್ಯಾ, ಕಷಾಯವೇ ಬೇಕಾ?" ಎಂದು ಕೇಳುತ್ತಾಳೆ. ಇದು ಬದಲಾಗದ ಪದ್ಯ. ಮೊದಲ ಸಲ ಅವನು ಸಂಕೋಚದಿಂದ "ಎಂತಾದ್ರೂ ಅಡ್ಡಿಲ್ಲೆ" ಎನ್ನುತ್ತಾನೆ. ಚಹಾ ಬರುತ್ತದೆ, ಹಾಲು ಒಡೆದಿರುತ್ತದೆ, ಆಯಿಯ ಮುಖ ಕುಗ್ಗುತ್ತದೆ, ಇಡೀ ಭೇಟಿ ಅಲ್ಲಿಂದ ಹದಗೆಡುತ್ತದೆ. ಎರಡನೆಯ ಸಲ ವೀಣಾ ಬೇಲಿಯ ದಣಪೆಯ ಬಳಿಯೇ ಅವನನ್ನು ತಡೆದು ಹಾಲು ಹಾಕದ ಕಷಾಯ ಕೇಳಲು ಹೇಳಿಕೊಟ್ಟಿದ್ದಾಳೆ; ಅವನು ಆಯಿ ಬಾಯಿ ತೆರೆಯುವ ಮೊದಲೇ "ಕಷಾಯ!" ಎಂದುಬಿಡುತ್ತಾನೆ. ಮೂರನೆಯ ಸಲ ಎಲ್ಲವೂ ನಯವಾಗಿ ನಡೆಯುತ್ತದೆ, ಕಷಾಯವೂ ಬರುತ್ತದೆ; ಒಳಗೆ ಹೋದ ಆಯಿ ಮಾತ್ರ ಮಗಳ ಕಿವಿಯಲ್ಲಿ, "ಹಾಲು ಒಡದು ಹೋಜು ಹೇಳಿ ಇವಂಗೆ ಹ್ಯಾಂಗೆ ಗೊತ್ತಾತೇ?" ಎನ್ನುತ್ತಾಳೆ.

ನಗು ಬರುವುದು ಆಯಿಯ ಪ್ರಶ್ನೆ ಸಹಜವಾಗಿರುವುದರಿಂದ. ಅವಳನ್ನು ಪೆದ್ದಿಯಾಗಿಸಬೇಡಿ, ಮನೆಯೊಳಗಿನ ಹಾಲಿನ ಲೆಕ್ಕ ಅವಳಿಗಲ್ಲದೆ ಬೇರೆ ಯಾರಿಗೂ ತಿಳಿದಿರಲು ಸಾಧ್ಯವಿಲ್ಲವೆಂಬುದನ್ನು ಅವಳು ಗಮನಿಸಿದ್ದಾಳೆ. ಪ್ರತಿ ಆವರ್ತನೆಯಲ್ಲೂ ದೃಶ್ಯ ಮೊದಲಿನದಕ್ಕಿಂತ ಗಿಡ್ಡವಾಗಬೇಕು: ಮೊದಲನೆಯದು ಆರು ನಿಮಿಷವಾದರೆ ಎರಡನೆಯದು ಮೂರು, ಮೂರನೆಯದು ಒಂದೂವರೆ. ನಾಲ್ಕನೆಯ ಸಲ ಬಂದರೆ ಅದು ಮತ್ತೆ ಉದ್ದವಾಗಿರಲಿ. ಅಲ್ಲಿ ಮಂಜುನಾಥ ಹೇಳಿಕೊಟ್ಟ ಮಾತನ್ನು ಬಿಟ್ಟು ತನ್ನದೇ ಮಾತು ಆಡುವಂತಾಗಲಿ. ತೊಟ್ಟಿಲು ತಿರುಗುವಾಗ ಪ್ರತಿ ಸಲವೂ ಮದ್ದಳೆಯಲ್ಲಿ ಒಂದೇ ನಡೆಯನ್ನು ನುಡಿಸಿದರೆ, ಎರಡನೆಯ ಬಾರಿಗೆ ಪ್ರೇಕ್ಷಕರು ಅದನ್ನು ಗುರುತು ಹಿಡಿಯುತ್ತಾರೆ. ಆಮೇಲೆ ಕಾಲ ಬದಲಾಯಿತೆಂದು ಯಾವ ಪಾತ್ರವೂ ಹೇಳಬೇಕಾಗಿಲ್ಲ.

ಅವನಿಗೂ ತಿಳಿದಿರಲಿ

ಸಂಗಾತಿಯನ್ನು ಹದಗೊಳಿಸುವುದೂ ಕಾಲದ ಅಂತರವೂ ಒಟ್ಟಿಗೆ ಬರುವ ಕಥೆ ನಮ್ಮ ಪುರಾಣಗಳಲ್ಲೇ ಇದೆ. ಕುಶಸ್ಥಲಿಯ ರಾಜ ಕಕುದ್ಮಿ ತನ್ನ ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯಲೆಂದು ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದವೆಂದು ಭಾಗವತ ಹೇಳುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಾಗಲಿ ಅವರ ಮೊಮ್ಮಕ್ಕಳಾಗಲಿ ಯಾರೂ ಉಳಿದಿರಲಿಲ್ಲ. ರೇವತಿ ಬಲರಾಮನನ್ನು ವರಿಸಿದಳು. ಹಳೆಯ ಯುಗದ ಅವಳು ಬಹಳ ಎತ್ತರವಾಗಿದ್ದುದರಿಂದ ಬಲರಾಮ ತನ್ನ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿದನೆಂದು ವಿಷ್ಣುಪುರಾಣದಲ್ಲಿದೆ. ತಗ್ಗಲು ಅವಳಿಗೆ ಮನಸ್ಸಿತ್ತೇ ಎಂಬುದನ್ನು ಕಥೆ ಹೇಳುವುದಿಲ್ಲ. ಇಂದು ನಾಟಕ ಬರೆಯುವವರು ಆ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಹಿಂದಕ್ಕೆ ಹೋಗಿ ಬಂದವಳಿಗೆ ಎಲ್ಲವೂ ಗೊತ್ತು, ಎದುರಿನವನಿಗೆ ಏನೂ ಗೊತ್ತಿಲ್ಲ. ಈ ಅಸಮಾನತೆ ಅರ್ಧ ನಾಟಕದವರೆಗೆ ನಗಿಸುತ್ತದೆ, ಆಮೇಲೆ ಕಸಿವಿಸಿಯಾಗುತ್ತದೆ. ಹಾಗಾಗಿ ನಡುಭಾಗ ದಾಟಿದ ಮೇಲೆ ಅರಿವಿನ ಪಾಲು ಮಂಜುನಾಥನ ಕಡೆಗೂ ಸರಿಯಬೇಕು. ಇದಕ್ಕೆ ನೋಟು ಒದಗುತ್ತದೆ. 2018ರ ಜಾತ್ರೆಯಲ್ಲಿ ಪರ್ಸಿನಲ್ಲಿಟ್ಟುಕೊಂಡ ನೋಟಿನ ಹಿಂಬದಿಯಲ್ಲಿ ಮುದ್ರಣದ ವರ್ಷ 2023 ಎಂದಿದೆ. ಮುಂದೆ ಅದೇ ಬಣ್ಣದ ನೋಟು ಬ್ಯಾಂಕಿನಲ್ಲಿ ಕೈಗೆ ಬಂದ ದಿನದಿಂದ ಅವನು ಯೋಚಿಸುತ್ತಲೇ ಇದ್ದಾನೆ. ಪ್ರತಿ ಜಾತ್ರೆಯಲ್ಲೂ ಕರೆಂಟು ಹೋದಾಗ ಒಬ್ಬಳು ವೀಣಾ ಮೇಲಿನಿಂದ ಕೂಗುತ್ತಿದ್ದರೆ ಇನ್ನೊಬ್ಬಳು ಕೆಳಗೆ ತನಗೆ ಬುದ್ಧಿ ಹೇಳುತ್ತಿರುವುದನ್ನೂ ಕಂಡಿದ್ದಾನೆ. ಅವನು ಬದಲಾದದ್ದು ಮೋಸಹೋಗಿ ಅಲ್ಲ. ಕೆಲವನ್ನು ಅವಳಿಗಾಗಿ ಮನಸಾರೆ ಒಪ್ಪಿದ್ದಾನೆ, ಕೆಲವನ್ನು ಒಪ್ಪಿದಂತೆ ನಟಿಸಿದ್ದಾನೆ. ಈ ಸಂಗತಿ ಹೊರಬಿದ್ದಾಗ ಹಿಂದಿನ ದೃಶ್ಯಗಳೆಲ್ಲ ಪ್ರೇಕ್ಷಕರಿಗೆ ಇನ್ನೊಮ್ಮೆ ಬೇರೆಯಾಗಿ ಕಾಣುತ್ತವೆ. ಅದಕ್ಕಾಗಿ ಮಂಜುನಾಥನ ಪಾತ್ರಧಾರಿಗೆ ಮೊದಲ ತಾಲೀಮಿನಲ್ಲೇ ಗುಟ್ಟನ್ನು ತಿಳಿಸಿ, ಪ್ರತಿ ದೃಶ್ಯದಲ್ಲೂ ಒಂದು ಕ್ಷಣದ ತಡವರಿಕೆಯನ್ನು ಅವನಿಂದ ಬರಿಸಿ. ಯಾರಿಗೆ, ಯಾವ ಜಾತ್ರೆಯಲ್ಲಿ, ಏನು ಗೊತ್ತಿದೆ ಎಂಬ ಕೋಷ್ಟಕವನ್ನು ದೊಡ್ಡ ಹಾಳೆಯ ಮೇಲೆ ಬರೆದು ತಾಲೀಮಿನ ಕೋಣೆಯಲ್ಲಿ ಅಂಟಿಸಿಡಿ. ತಪ್ಪುಗಳು ನುಸುಳುವುದು ಹೆಚ್ಚಾಗಿ ಚಿಕ್ಕ ಪಾತ್ರಗಳ ಮಾತಿನಲ್ಲಿ.

ಕೊನೆಯ ದೃಶ್ಯದಲ್ಲಿ ವೀಣಾ ಕ್ಷಮೆ ಕೇಳುವುದಕ್ಕಿಂತ, ತಾನು ಬದಲಿಸಿದ್ದನ್ನೆಲ್ಲ ಒಂದೊಂದಾಗಿ ಹೇಳುವುದು ಹೆಚ್ಚು ಬೆಲೆಯುಳ್ಳದ್ದು. ಕೇಳಿದ ಮೇಲೆ ಆಯ್ಕೆ ಅವನದು. ಮಾತು ಕಡಿಮೆ ಮಾಡಿಕೊಂಡದ್ದು ಇರಲಿ ಎನ್ನಬಹುದು. ಹೊತ್ತಿಗೆ ಸರಿಯಾಗಿ ಬರುವುದನ್ನು ಮಾತ್ರ ನಾಳೆಯಿಂದಲೇ ಬಿಡುತ್ತೇನೆ ಎನ್ನಬಹುದು. ತೊಟ್ಟಿಲನ್ನು ಒಡೆಯುವ, ಸುಡುವ, ಮುಚ್ಚಿಸುವ ದೃಶ್ಯ ಬೇಡ. ಒಂಬತ್ತನೆಯ ದಿನ ಜಾತ್ರೆ ಮುಗಿದಾಗ ಕೆಲಸಗಾರರು ಅದನ್ನು ಬಿಚ್ಚಿ ಲಾರಿಗೆ ತುಂಬುತ್ತಾರೆ, ಅಷ್ಟೇ ಸಾಕು.

ಬರೆದು ಮುಗಿದ ಮೇಲೆ, ಆಡುವ ಮೊದಲು, ಬೇರೆ ಬೇರೆ ವಯಸ್ಸಿನ ಹತ್ತು ಹನ್ನೆರಡು ಮಂದಿಯನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿ. ನಾಟಕ ಚೆನ್ನಾಗಿದೆಯೇ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ತಿದ್ದಿದ ಮಂಜುನಾಥನನ್ನು ನೋಡುವಾಗ ಹಳೆಯವನ ಯಾವ ಕುಂದು ನಿಮಗೆ ಬೇಕೆನಿಸಿತು ಎಂದು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳಿ. ಉತ್ತರ ಕೂಡಲೇ ಬಂದರೆ ತಾಲೀಮು ಆರಂಭಿಸಬಹುದು. ಅವರು ಯೋಚಿಸತೊಡಗಿದರೆ ತೊಂದರೆಯಿರುವುದು ಕೊನೆಯ ದೃಶ್ಯದಲ್ಲಲ್ಲ, ಮಂಜುನಾಥ ತಡವಾಗಿ ಬರುವ ಮೊದಲ ದೃಶ್ಯದಲ್ಲಿ. ಅವನು ದಾರಿಯಲ್ಲಿ ಯಾರ ಯಾರೊಡನೆ ಏನೇನು ಮಾತಾಡಿದ ಎಂಬುದನ್ನು ಇನ್ನೂ ಒಂದೆರಡು ಪುಟ ಹೆಚ್ಚು ಬರೆಯಿರಿ.